ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಪೌಂಡ್ ಗುರುತು

"ನುಡಿಯಲ್ಲಿ ಟೈಪ್ ಮಾಡಿ ಕಳಿಸಿದ್ದೀನಿ, ನೋಡಿ" ಅಂತ ಯಾರಾದರೂ ಹೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ನುಡಿ? ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆಯಾ, ಅದರ ಫಾಂಟಾ, ಅಥವಾ ಫೈಲಿನೊಳಗೆ ಉಳಿದಿರುವ ಹಳೆಯ ಸಂಕೇತಗಳಾ? ಮೂರೂ ಬೇರೆ ಬೇರೆ. ಮೂರನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತಾ ಬಂದಿದ್ದೇವೆ. ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರ ಅರ್ಧ ತಲೆನೋವು ಹುಟ್ಟುವುದು ಇಲ್ಲೇ. ಫೈಲ್ ತೆರೆದರೆ ವಿಚಿತ್ರ ಅಕ್ಷರ, ವಾಟ್ಸಾಪ್‌ಗೆ ಹಾಕಿದರೆ ಗೋಜಲು, ಕಣ್ಣೆದುರಿಗೇ ಇರುವ ಪದ ಹುಡುಕಿದರೆ ಸಿಗಲ್ಲ.

ಕಳೆದ ವರ್ಷ ತಿಪಟೂರಿನಿಂದ ನಮ್ಮ ಸೋದರಮಾವ ಫೋನ್ ಮಾಡಿದರು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಸುತ್ತಮುತ್ತಲ ಹಳ್ಳಿಗಳ ಅಜ್ಜಿಯರ ಹತ್ತಿರ ಕೂತು ಸೋಬಾನೆ ಪದಗಳನ್ನು ಬರೆದುಕೊಂಡು, 2005ರ ಸುಮಾರಿಗೆ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿಟ್ಟಿದ್ದರು. 140 ಪುಟ. ಅವನ್ನು ಹಾಡಿದವರಲ್ಲಿ ಈಗ ಇಬ್ಬರೋ ಮೂವರೋ ಉಳಿದಿದ್ದಾರೆ. ಹೊಸ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ ಫೈಲ್ ತೆರೆದಿದ್ದಾರೆ. "ಎಲ್ಲಾ ಹಾಳಾಗಿ ಹೋಯ್ತು ಕಣೋ, ವೈರಸ್ ಬಂದಿದೆ ಅನ್ಸತ್ತೆ, ಬರೀ ಇಂಗ್ಲಿಷು, ಪೌಂಡು, ಏನೇನೋ ಕಾಣ್ತಾ ಇದೆ" ಅಂದರು. ದನಿ ನಡುಗುತ್ತಿತ್ತು.

ಫೈಲಿಗೆ ಏನೂ ಆಗಿರಲಿಲ್ಲ. ಒಂದು ಅಕ್ಷರವೂ ಕಳೆದಿರಲಿಲ್ಲ. ಅವರಿಗೆ ಕಂಡ ಆ ಪೌಂಡ್ ಗುರುತೇ "ನ".

ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಹಳೆಯ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿದರೆ ಫೈಲಿನೊಳಗೆ ಕೂರುವುದು ಏಳು ಗುರುತು. ಮೊದಲು ಇಂಗ್ಲಿಷಿನ ದೊಡ್ಡ ಪಿ. ಆಮೇಲೆ ತಲೆ ಮೇಲೆ ಓರೆ ಗೆರೆ ಇರುವ ದೊಡ್ಡ ಎ. ಆಮೇಲೆ ಪೌಂಡ್. ಮತ್ತೆ ಅದೇ ಓರೆ ಗೆರೆಯ ಎ. ಆಮೇಲೆ ಜರ್ಮನ್ ಭಾಷೆಯವರು ಜೋಡಿ ಎಸ್‌ಗೆ ಬಳಸುವ ಒಂದು ಅಕ್ಷರ. ಆಮೇಲೆ ಸಣ್ಣ ಕ್ಯೂ. ಕೊನೆಗೆ ಇನ್ನೊಮ್ಮೆ ಅದೇ ಎ. ನುಡಿ ಫಾಂಟ್ ಹಾಕಿದಾಗ ಪಿ ಇರುವ ಕಡೆ ತಲೆಕಟ್ಟಿಲ್ಲದ ಕ ಕಾಣುತ್ತದೆ, ಓರೆ ಗೆರೆಯ ಎ ಇರುವ ಕಡೆ ತಲೆಕಟ್ಟು. ಎರಡೂ ಪಕ್ಕಪಕ್ಕ ಕೂತರೆ ನಮ್ಮ ಕಣ್ಣಿಗೆ "ಕ". ಪೌಂಡ್ ಅಂದರೆ ತಲೆಕಟ್ಟಿಲ್ಲದ ನ. ಜರ್ಮನ್ ಅಕ್ಷರವೇ ನ ಒತ್ತು. ಕ್ಯೂ ಅಂದರೆ ಡ.

ಹಳೆಯ ಕಾಲದ ಅಚ್ಚುಕೂಟ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮೊಳೆ ಜೋಡಿಸುವವರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಅಕ್ಷರದ ಮೈ ಒಂದು ಮೊಳೆ, ಒತ್ತು ಇನ್ನೊಂದು ಮೊಳೆ, ಒಂದೊಂದನ್ನೇ ಹೆಕ್ಕಿ ಪಕ್ಕಪಕ್ಕ ಇಡುವುದು. ಹಳೆಯ ಫಾಂಟುಗಳು ಆ ಮೊಳೆಗಳನ್ನೇ ಕಂಪ್ಯೂಟರಿಗೆ ತಂದವು. ಆದರೆ ಕಂಪ್ಯೂಟರಿನಲ್ಲಿ ಕನ್ನಡದ ಮೊಳೆ ಇಡಲು ಜಾಗವೇ ಇರಲಿಲ್ಲ. ಕಂಪ್ಯೂಟರಿಗೆ ಗೊತ್ತಿರುವುದು ಅಂಕಿ ಮಾತ್ರ, ಪ್ರತಿ ಅಕ್ಷರಕ್ಕೂ ಒಂದು ಅಂಕಿ. ಆಸ್ಕಿ ಅನ್ನುವ ಹಳೆಯ ಪಟ್ಟಿಯಲ್ಲಿ ಇದ್ದದ್ದು 128 ಮನೆ. ಅದನ್ನು ಹಿಗ್ಗಿಸಿದರೂ 256. ಅವೆಲ್ಲ ಇಂಗ್ಲಿಷಿಗೆ, ಯುರೋಪಿನ ಭಾಷೆಗಳಿಗೆ ಮುಗಿದುಹೋಗಿದ್ದವು. ಹಾಗಾಗಿ ನಮ್ಮವರು ಅದೇ ಮನೆಗಳಲ್ಲಿ ಇಂಗ್ಲಿಷ್ ಚಿತ್ರ ತೆಗೆದು ಕನ್ನಡ ಚಿತ್ರ ಕೂರಿಸಿದರು. ಮನೆಯ ನಂಬರ್ ಹಳೆಯದೇ, ಬಾಗಿಲಿನ ಮೇಲಿನ ಬೋರ್ಡು ಮಾತ್ರ ಕನ್ನಡದ್ದು.

ಇದನ್ನು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ. 1990ರ ದಶಕದಲ್ಲಿ ಕನ್ನಡದಲ್ಲಿ ಒಂದು ಮದುವೆ ಕಾಗದ ಅಚ್ಚು ಹಾಕಿಸಬೇಕಾದರೂ ಬೇರೆ ದಾರಿ ಇರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ನಂಬರ್ ಕೊಡುವ ಯುನಿಕೋಡ್ ಅನ್ನುವ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಜನರ ಮನೆಯ ಕಂಪ್ಯೂಟರಿನಲ್ಲಿ ಅದು ಕಾಣಿಸತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ, ತುಂಗಾ ಅನ್ನುವ ಫಾಂಟಿನ ಜೊತೆ. ಅಷ್ಟರೊಳಗೆ ಡಿಟಿಪಿ ಅಂಗಡಿಗಳೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಮೇಲೆ ನಿಂತಿದ್ದವು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯೂ 2001ರದ್ದೇ, ಅದಕ್ಕೆ ಯುನಿಕೋಡ್ ಕನ್ನಡ ಗೊತ್ತಿಲ್ಲ. ಮೊದಲು ಆಸ್ಕಿ ಫಾಂಟಿನಲ್ಲೇ ಕೆಲಸ ಕಲಿತವರು ಅದರಲ್ಲೇ ಮುಂದುವರಿದರು. ಜೊತೆಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಒಂದೊಂದು ತಂತ್ರಾಂಶದ್ದೂ ಒಂದೊಂದು ಲೆಕ್ಕ. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ.

ಯುನಿಕೋಡ್ ಮಾಡಿದ್ದು ಬೇರೆಯೇ ಕೆಲಸ. ಅದು ಚಿತ್ರಕ್ಕೆ ನಂಬರ್ ಕೊಡಲಿಲ್ಲ, ಅಕ್ಷರಕ್ಕೆ ಕೊಟ್ಟಿತು. ಕನ್ನಡದ ಮನೆಗಳು 3200ರಿಂದ 3327ರವರೆಗೆ. ಅಲ್ಲಿ ಬೇರೆ ಯಾವ ಲಿಪಿಗೂ ಜಾಗವಿಲ್ಲ. ಕ ಅಂದರೆ 3221, ನ ಅಂದರೆ 3240, ಡ ಅಂದರೆ 3233, ವ್ಯಂಜನದ ಅಕಾರ ತೆಗೆದುಹಾಕುವ ವಿರಾಮ ಚಿಹ್ನೆ 3277. "ಕನ್ನಡ" ಅಂದರೆ 3221, 3240, 3277, 3240, 3233. ಒತ್ತಕ್ಷರಕ್ಕೆ ಬೇರೆ ನಂಬರ್ ಇಲ್ಲ ಅನ್ನುವುದನ್ನು ಗಮನಿಸಿ. ನ, ವಿರಾಮ, ನ ಒಂದರ ಹಿಂದೆ ಒಂದು ಬಂದರೆ ಅದನ್ನು ಒತ್ತು ಮಾಡಿ ತೋರಿಸುವುದು ಫಾಂಟಿನ ಕೆಲಸ. ಶಾಲೆಯಲ್ಲಿ ನಾವು ಕಲಿತದ್ದೂ ಹಾಗೆಯೇ. ಯುನಿಕೋಡ್ ಬಾಯಲ್ಲಿ ಹೇಳುವ ಕ್ರಮದಲ್ಲೇ ಬರೆದಿಡುತ್ತದೆ, ಚಿತ್ರ ಹೇಗಿರಬೇಕು ಅನ್ನುವುದು ಆಮೇಲಿನ ಮಾತು.

ಅರ್ಕಾವತ್ತಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. "ಕರ್ನಾಟಕ" ಅನ್ನುವಾಗ ನಾವು ಮೊದಲು ರ್ ಹೇಳುತ್ತೇವೆ, ಆಮೇಲೆ ನಾ. ಬರೆಯುವಾಗ ಅರ್ಕಾವತ್ತು ನಾ ಆದ ಮೇಲೆ ಬರುತ್ತದೆ. ಆಸ್ಕಿ ಫಾಂಟು ಕಣ್ಣಿಗೆ ಕಂಡ ಹಾಗೆ ಉಳಿಸುತ್ತದೆ, ಅಂದರೆ ನಾ ಮೊದಲು, ಅರ್ಕಾವತ್ತು ಆಮೇಲೆ. ಯುನಿಕೋಡ್ ಬಾಯಿಗೆ ಬಂದ ಹಾಗೆ ಉಳಿಸುತ್ತದೆ, ರ ಮೊದಲು. ಹಾಗಾಗಿ ಯುನಿಕೋಡ್ ಪಠ್ಯವನ್ನು ಅಕಾರಾದಿಯಾಗಿ ಜೋಡಿಸಬಹುದು, ಹುಡುಕಬಹುದು, ಕಂಪ್ಯೂಟರಿನಿಂದ ಗಟ್ಟಿಯಾಗಿ ಓದಿಸಬಹುದು. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶ ಬಳಸುತ್ತಾರಲ್ಲ, ಅವರ ಮುಂದೆ ಆಸ್ಕಿ ಫೈಲ್ ಇಟ್ಟರೆ ಕೇಳಿಸುವುದು ಕನ್ನಡವಲ್ಲ, ಪಿ, ಕ್ಯೂ, ಪೌಂಡ್‌ಗಳ ಅರ್ಥವಿಲ್ಲದ ಸಾಲು. ಇದೊಂದೇ ಕಾರಣ ಸಾಕು ಅನ್ನಿಸುತ್ತದೆ ನನಗೆ, ಸಾರ್ವಜನಿಕರಿಗೆ ಕೊಡುವ ಯಾವ ಕಾಗದವನ್ನೂ ಇನ್ನು ಆಸ್ಕಿಯಲ್ಲಿ ಮಾಡಬಾರದು ಅಂತ ಹೇಳುವುದಕ್ಕೆ.

ನಿಮ್ಮ ಹತ್ತಿರ ಇರುವ ಫೈಲ್ ಯಾವ ಜಾತಿಯದು ಅಂತ ತಿಳಿಯುವುದು ಸುಲಭ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲೋ ಹುಡುಕುವ ಡಬ್ಬಿಯಲ್ಲೋ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಪಿ, ಪೌಂಡ್ ಕಂಡರೆ ಆಸ್ಕಿ. ವರ್ಡ್‌ನಲ್ಲಿ ಫಾಂಟಿನ ಹೆಸರೂ ಸುಳಿವು ಕೊಡುತ್ತದೆ: "ನುಡಿ 01 ಇ", "ಬಿಆರ್‌ಎಚ್ ಕನ್ನಡ" ಅಂತಿದ್ದರೆ ಅದು ಹಳೆಯ ಲೆಕ್ಕ. ಪಿಡಿಎಫ್ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಪಿಡಿಎಫ್‌ನೊಳಗೆ ಫಾಂಟೂ ಸೇರಿಕೊಂಡಿರುವುದರಿಂದ ಎಲ್ಲ ಕಡೆ ಅಂದವಾಗಿ ಕಾಣುತ್ತದೆ. ಕಾಪಿ ಮಾಡಿದಾಗಲೇ ಬಣ್ಣ ಬಯಲಾಗುವುದು. ಯುನಿಕೋಡ್‌ನಲ್ಲಿ ಮಾಡಿದ ಪಿಡಿಎಫ್‌ನಿಂದ ಕಾಪಿ ಮಾಡಿದರೂ ಒತ್ತು, ಕೊಂಬು ಆಚೀಚೆ ಆಗುವುದುಂಟು, ಹಾಗಾಗಿ ಮೂಲ ಫೈಲ್ ಎಂದೂ ಬಿಸಾಡಬೇಡಿ.

ಈಗ ಕೀಲಿಮಣೆಗೆ ಬರುತ್ತೇನೆ. ಇಲ್ಲಿ ನನಗೆ ತುಂಬಾ ಬೇಸರ ತರುವ ಒಂದು ಮಾತಿದೆ. "ನನಗೆ ನುಡಿ ಟೈಪಿಂಗ್ ಮಾತ್ರ ಬರೋದು, ಯುನಿಕೋಡ್ ಬರಲ್ಲ." ಇಪ್ಪತ್ತು ವರ್ಷ ಟೈಪ್ ಮಾಡಿ ಬೆರಳಿಗೇ ಅಕ್ಷರ ಅಂಟಿಸಿಕೊಂಡವರು ಹೀಗೆ ಹೇಳುತ್ತಾರೆ. ಯುನಿಕೋಡ್ ಅನ್ನುವುದು ಟೈಪಿಂಗ್ ಅಲ್ಲವೇ ಅಲ್ಲ. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕು ಅನ್ನುವುದು ಕೀಲಿಮಣೆಯ ವಿನ್ಯಾಸ. ಬಂದ ಅಕ್ಷರವನ್ನು ಯಾವ ನಂಬರಿನಲ್ಲಿ ಉಳಿಸಬೇಕು ಅನ್ನುವುದು ಸಂಕೇತ. ನುಡಿಯಲ್ಲಿ ನೀವು ಬಳಸುವ ವಿನ್ಯಾಸ ಕೆ. ಪಿ. ರಾವ್ ಅವರು ರೂಪಿಸಿದ್ದು, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಅಂತಲೂ ಕರೆಯುತ್ತಾರೆ. ಅದೇ ಬೆರಳು, ಅದೇ ಕೀಲಿ, ಅದೇ ವೇಗದಲ್ಲಿ ಯುನಿಕೋಡ್ ಕನ್ನಡ ಬರೆಯಬಹುದು. ಈಗಿನ ನುಡಿಯಲ್ಲೂ, ಅದರಂಥದ್ದೇ ಇನ್ನೊಂದು ತಂತ್ರಾಂಶವಾದ ಬರಹದಲ್ಲೂ ಯುನಿಕೋಡ್ ಅನ್ನುವ ಆಯ್ಕೆ ಇದೆ. ಲಿನಕ್ಸ್‌ನಲ್ಲಂತೂ ಕಗಪ ವಿನ್ಯಾಸ ಮೊದಲೇ ಕೂತಿರುತ್ತದೆ. ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ, ಬದಲಿಸಬೇಕಾದದ್ದು ಒಂದೇ ಒಂದು ಆಯ್ಕೆ.

ಆ ವಿನ್ಯಾಸ ಎಷ್ಟು ಜಾಣತನದ್ದು ನೋಡಿ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ (ಇದು ಕೀಲಿಯ ಮಾತು, ಹಳೆಯ ಫೈಲಿನೊಳಗೆ ಡ ಆಗಿ ಕೂತಿದ್ದ ಕ್ಯೂ ಬೇರೆ). ಎಫ್ ಅಂದರೆ ಒತ್ತು ಕೊಡುವ ಕೀಲಿ. "ಕನ್ನಡ" ಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಸಲ ಒತ್ತಿದರಾಯಿತು. ಸ್ವರದ ಕೀಲಿ ಪದದ ಮೊದಲಲ್ಲಿ ಒತ್ತಿದರೆ ಪೂರ್ತಿ ಸ್ವರ ಬರುತ್ತದೆ, ವ್ಯಂಜನ ಆದ ಮೇಲೆ ಒತ್ತಿದರೆ ತಾನಾಗಿ ಗುಣಿತಾಕ್ಷರವಾಗುತ್ತದೆ. ಎರಡಕ್ಕೂ ಬೇರೆ ಬೇರೆ ಕೀಲಿ ನೆನಪಿಡುವ ಕಷ್ಟವಿಲ್ಲ.

ವಿಂಡೋಸ್‌ನಲ್ಲಿ ತೊಡಕಾಗುವುದು ಬೇರೆ ಕಡೆ. ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಭಾಷೆ ಸೇರಿಸಿದ ಕೂಡಲೇ "ಕನ್ನಡ" ಅನ್ನುವ ಹೆಸರಿನ ಒಂದು ಕೀಲಿಮಣೆ ಬಂದು ಕೂರುತ್ತದೆ. ಅದು ಕಗಪ ಅಲ್ಲ, ಇನ್‌ಸ್ಕ್ರಿಪ್ಟ್. ಕೆ ಒತ್ತಿದರೆ ಕ ಬರುತ್ತದೆ, ಸರಿ, ಖುಷಿಯಾಗುತ್ತದೆ. ಎಚ್ ಒತ್ತಿದರೆ ಪ ಬರುತ್ತದೆ. ಜೆ ಒತ್ತಿದರೆ ರ. ಡಿ ಒತ್ತಿದರೆ ವಿರಾಮ ಚಿಹ್ನೆ. ನೋಡಿದವರು ಕೀಬೋರ್ಡ್ ಕೆಟ್ಟಿದೆ ಅಂತ ಅಂದುಕೊಂಡು ತೆಗೆದುಹಾಕುತ್ತಾರೆ. ಕೆಟ್ಟಿಲ್ಲ. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಜೋಡಣೆ ಇರಲಿ ಅಂತ ಸರ್ಕಾರ 1980ರ ದಶಕದಲ್ಲಿ ಮಾಡಿಸಿದ ವಿನ್ಯಾಸ ಅದು, ಎಡಗೈಗೆ ಸ್ವರ, ಬಲಗೈಗೆ ಹೆಚ್ಚಾಗಿ ವ್ಯಂಜನ. ಇಂಗ್ಲಿಷ್ ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ. ಒಮ್ಮೆ ಕಲಿತರೆ ಹಿಂದಿ, ತೆಲುಗು ಎಲ್ಲವನ್ನೂ ಅದೇ ಬೆರಳಿನಲ್ಲಿ ಬರೆಯಬಹುದು. ಇಂಗ್ಲಿಷ್ ಉಚ್ಚಾರಣೆಯ ಮೇಲೆ ಬರೆದು ರೂಢಿಯಾದವರು ಅದೇ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಪಕ್ಕದ ಆಯ್ಕೆ ತೆರೆದು "ಕನ್ನಡ ಫೊನೆಟಿಕ್" ಸೇರಿಸಿಕೊಳ್ಳಿ. 2019ರಿಂದ ವಿಂಡೋಸ್‌ನಲ್ಲೇ ಇದೆ, ಬೇರೆ ಏನೂ ಹಾಕಬೇಕಾಗಿಲ್ಲ. ಭಾಷೆ ಬದಲಿಸಲು ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರಾಯಿತು. ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ ತಪ್ಪು ಅನ್ನುತ್ತಿದ್ದರೆ ಮೊದಲು ಮೂಲೆಯಲ್ಲಿ ಯಾವ ಭಾಷೆ ಇದೆ ಅಂತ ನೋಡಿ. ಚುಕ್ಕೆಗಳ ಹಿಂದೆ ಕನ್ನಡ ಟೈಪ್ ಆಗುತ್ತಿರುತ್ತದೆ.

ಯುನಿಕೋಡ್‌ಗೆ ಬಂದ ಮೇಲೆ ಎಲ್ಲ ತೊಂದರೆ ಮುಗಿಯಿತಾ ಅಂದರೆ, ಇಲ್ಲ. ಸಣ್ಣ ಸಣ್ಣವು ಇವೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸೊನ್ನೆ. ಈ ಎರಡು ಪದ ನೋಡಿ: ಬೆಂಗಳೂರು, ಬೆ೦ಗಳೂರು. ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಅನುಸ್ವಾರ ಇದೆ, ನಂಬರ್ 3202. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ, ನಂಬರ್ 3302. ನೂರು ಮನೆ ದೂರ. ಅನುಸ್ವಾರ ಎಲ್ಲಿದೆ ಅಂತ ಗೊತ್ತಾಗದೆ ಆಕಾರ ನೋಡಿ ಸೊನ್ನೆ ಒತ್ತಿಬಿಡುತ್ತೇವೆ. ಆ ಮೇಲೆ ಯಾರಾದರೂ ಬೆಂಗಳೂರು ಅಂತ ಹುಡುಕಿದರೆ ಆ ಸಾಲು ಸಿಗುವುದೇ ಇಲ್ಲ. ಮತದಾರರ ಪಟ್ಟಿಯಲ್ಲೋ ಪಹಣಿಯಲ್ಲೋ "ಗಂಗಮ್ಮ" ಅನ್ನುವ ಹೆಸರು ಹೀಗೆ ಕೂತುಬಿಟ್ಟರೆ ಏನಾಗಬಹುದು ಯೋಚಿಸಿ. ಕಾಗದದಲ್ಲಿ ಹೆಸರು ಇದೆ, ಕಂಪ್ಯೂಟರಿನಲ್ಲಿ ಇಲ್ಲ. ನೀವು ಹೆಸರುಗಳ ಪಟ್ಟಿ ಮಾಡುವ ಕೆಲಸದಲ್ಲಿದ್ದರೆ, ಕೈ ಮುಗಿದು ಕೇಳುತ್ತೇನೆ, ಇದೊಂದನ್ನು ನೋಡಿಕೊಳ್ಳಿ. ಸರಿಪಡಿಸುವುದೂ ಸುಲಭ: ಹುಡುಕಿ ಬದಲಿಸುವ ಕಡೆ ೦ ಕೊಟ್ಟು ಅದರ ಬದಲು ಅನುಸ್ವಾರ ಹಾಕಿ. ಕನ್ನಡ ಅಂಕಿಗಳು ಬೇರೆ ಇದ್ದರೆ ಮಾತ್ರ ಒಂದೊಂದೇ ನೋಡಿ ಬದಲಿಸಿ.

ಇನ್ನೊಂದು, ಬೇಡದ ಒತ್ತು. ರಾಜ್‌ಕುಮಾರ್ ಅಂತ ಬರೆಯಲು ಹೋದರೆ ರಾಜ್ಕುಮಾರ್ ಆಗುತ್ತದೆ. ಜ್ ಆದ ಮೇಲೆ ಕ ಬಂತಲ್ಲ, ಒತ್ತು ಮಾಡು ಅನ್ನುವುದು ನಿಯಮ. ನಿಯಮ ಇಲ್ಲಿ ಬೇಡ ಅಂತ ಹೇಳಲು ಕಣ್ಣಿಗೆ ಕಾಣದ ಒಂದು ಸಂಕೇತ ಇದೆ, ನಡುವೆ ಹಾಕಿದರೆ ಎರಡೂ ಅಂಟಿಕೊಳ್ಳುವುದಿಲ್ಲ. ಇದಕ್ಕೆ ಅಣ್ಣತಮ್ಮನಂಥ ಇನ್ನೊಂದು ಸಂಕೇತ ರ‍್ಯಾಂಕ್ ಅನ್ನುವ ಪದದಲ್ಲಿ ಬೇಕು. ಅದಿಲ್ಲದಿದ್ದರೆ ರ್ಯಾಂಕ್ ಆಗಿ ಸೂರ್ಯದಲ್ಲಿ ಬರುವ ಹಾಗೆ ಅರ್ಕಾವತ್ತು ಬರುತ್ತದೆ. ಎಲ್ಲ ಕೀಲಿಮಣೆಯಲ್ಲೂ ಇವು ಒಂದೇ ಜಾಗದಲ್ಲಿಲ್ಲ. ನಿಮ್ಮದರಲ್ಲಿ ಎಲ್ಲಿವೆ ಅಂತ ಒಂದು ಸಲ ಹುಡುಕಿ ಗುರುತು ಹಾಕಿಕೊಳ್ಳಿ. ಈಗ ಅರ್ಧಕ್ಕರ್ಧ ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಬರೆಯುತ್ತೇವೆ, ದಿನಾ ಬೇಕಾಗುತ್ತದೆ.

ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಪೂರ್ತಿ ಹೋಗದೆ ತುಂಡು ತುಂಡಾಗಿ ಹೋಗುತ್ತದೆ ಅನ್ನುವುದೂ ಇದೇ ಲೆಕ್ಕ. ಸ್ತ್ರೀ ನಮ್ಮ ಕಣ್ಣಿಗೆ ಒಂದು ಅಕ್ಷರ. ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈ, ಒಟ್ಟು ಆರು. ಆರು ಸಲ ಒತ್ತಬೇಕು. ಮುಂದಿನಿಂದ ಡಿಲೀಟ್ ಕೀಲಿ ಒತ್ತಿದರೆ ಹೆಚ್ಚಿನ ಕಡೆ ಪೂರ್ತಿ ಅಕ್ಷರ ಒಂದೇ ಸಲಕ್ಕೆ ಹೋಗುತ್ತದೆ. ಎಸ್ಸೆಮ್ಮೆಸ್‌ನಲ್ಲೂ ಅಷ್ಟೇ, ಒಂದು ಸಂದೇಶದಲ್ಲಿ ಇಂಗ್ಲಿಷಿಗೆ 160 ಸಂಕೇತದ ಜಾಗ ಇದ್ದರೆ ಕನ್ನಡಕ್ಕೆ 70, ಅದರಲ್ಲಿ ಸ್ತ್ರೀ ಒಂದೇ ಆರು ತಿನ್ನುತ್ತದೆ.

ಮಾವನ ಫೈಲಿಗೆ ವಾಪಸ್ ಬರುತ್ತೇನೆ. ಆ ಹಳೆಯ ಫಾಂಟನ್ನು ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ 140 ಪುಟವೂ ಕನ್ನಡವಾಗಿ ಎದ್ದು ಕೂತವು. ಮಾವ ಫೋನಿನಲ್ಲೇ ಒಂದು ನಿಮಿಷ ಮಾತಾಡಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ನಿಲ್ಲಿಸಿದ್ದರೆ ಇನ್ನೊಂದು ಲ್ಯಾಪ್‌ಟಾಪಿಗೆ ಹೋದಾಗ ಮತ್ತೆ ಅದೇ ಕಥೆ. "ಮಾವ, ನೀವು ಮೊದಲು ಇದರ ಒಂದು ಪ್ರಿಂಟ್ ತೆಗೆಸಿ ಇಟ್ಕೊಳ್ಳಿ, ಆಮೇಲೆ ಯುನಿಕೋಡ್‌ಗೆ ಬದಲಿಸೋಣ" ಅಂದೆ. ಇಂಟರ್ನೆಟ್ಟಿನಲ್ಲಿ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಒಂದು ಕಡೆ ಹಳೆಯದನ್ನು ಅಂಟಿಸಿದರೆ ಇನ್ನೊಂದು ಕಡೆ ಹೊಸದು ಬರುತ್ತದೆ.

ಬಂದದ್ದನ್ನು ಹಾಗೇ ನಂಬಬಾರದು. ಮುನ್ನುಡಿಯಲ್ಲಿ ಅಲ್ಲಲ್ಲಿ ಇಂಗ್ಲಿಷ್ ಪದಗಳಿದ್ದವು, ಪರಿವರ್ತಕ ಅವನ್ನೂ ಹಳೆಯ ಫಾಂಟಿನ ಮೊಳೆ ಅಂತಲೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿತ್ತು. ಅರ್ಕಾವತ್ತು ಹತ್ತಾರು ಕಡೆ ಪಕ್ಕದ ಅಕ್ಷರಕ್ಕೆ ಹೋಗಿತ್ತು. ಎರಡು ಒತ್ತು ಇರುವ ಕಡೆ ಕ್ರಮ ತಪ್ಪಿತ್ತು. ಆ ಕಾಲದಲ್ಲಿ ಟೈಪ್ ಮಾಡಿದವರು ಅಂದವಾಗಿ ಕಾಣಲಿ ಅಂತ ಎಲ್ಲೋ ಒಂದು ಕಡೆ ಬೇರೆ ಮೊಳೆ ಹಾಕಿದ್ದರೆ ಅದೂ ಎದ್ದು ಕಂಡಿತು. ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿ ತಿದ್ದುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಮಾವ ಅದನ್ನು ತಾವೇ ಮಾಡುತ್ತೇನೆ ಅಂದರು. ದಿನಕ್ಕೆ ಎರಡು ಪುಟ. ಹಾಡಿದ ಅಜ್ಜಿ "ಬಾಕ್ಲು" ಅಂದಿದ್ದನ್ನು ಡಿಟಿಪಿಯಲ್ಲಿ "ಬಾಗಿಲು" ಮಾಡಿಬಿಟ್ಟಿದ್ದದ್ದೂ ಆಗಲೇ ಸಿಕ್ಕಿತು, ಅದನ್ನೂ ಅವರ ನಾಲಿಗೆಯ ಹಾಗೇ ತಿದ್ದಿದರು.

ಮೂರು ತಿಂಗಳು ಬೇಕಾಯಿತು. ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಹುಡುಕುವ ಕಡೆ "ಬಾಕ್ಲು" ಅಂತ ಹಾಕಿದರಂತೆ. ಹನ್ನೊಂದು ಹಾಡು ಬಂದವು, ಬೇರೆ ಬೇರೆ ಊರಿನ ಹನ್ನೊಂದು ಜನ ಹಾಡಿದ್ದು. "ಇವೆಲ್ಲ ಒಂದೇ ಹಾಡಿನ ತುಂಡು ಅಂತ ನಂಗೆ ಇಷ್ಟು ವರ್ಷ ಗೊತ್ತೇ ಆಗಿರ್ಲಿಲ್ಲ ಕಣೋ" ಅಂದರು.